ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ನೇರ ಹೋಗೋದಾ, ದುಬೈ ಮೇಲಾ, ಟೋಕಿಯೊ ಮೇಲಾ?

"ಅಪ್ಪ ಅಮ್ಮ ಮೊದಲ ಸಲ ಬರ್ತಿದ್ದಾರೆ. ಯಾವ ಫ್ಲೈಟ್ ಹಾಕಲಿ?"

ನಾನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್‌ಗೆ ಬಂದು ಹನ್ನೊಂದು ವರ್ಷವಾಯಿತು. ಮಾರ್ಚ್ ಬಂತೆಂದರೆ ಈ ಪ್ರಶ್ನೆ ಫೋನಿಗೆ ಬರಲೇಬೇಕು. ಜೊತೆಗೊಂದು ಸ್ಕ್ರೀನ್‌ಶಾಟ್: 17 ಗಂಟೆ, 22 ಗಂಟೆ, 24 ಗಂಟೆ, 31 ಗಂಟೆ. ಪಕ್ಕದಲ್ಲಿ ನಾಲ್ಕು ಬೆಲೆ. ಕೇಳುವವರ ಕಣ್ಣು ಆಗಲೇ 31 ಗಂಟೆಯ ಎದುರಿನ ಬೆಲೆ ಮೇಲೆ ಬಿದ್ದಿರುತ್ತದೆ. ನಾನು "ಸರಿ, ಹಾಕು" ಅನ್ನಲಿ ಅಂತ ಕಾಯುತ್ತಿರುತ್ತಾರೆ, ಅಷ್ಟೇ.

ನಾನು ಅನ್ನುವುದಿಲ್ಲ. ಒಟ್ಟು ಗಂಟೆ ಮತ್ತು ಬೆಲೆ, ಇವೆರಡನ್ನೇ ನೋಡಿ ಟಿಕೆಟ್ ಮಾಡಿ ಎರಡು ಸಲ ಪೆಟ್ಟು ತಿಂದಿದ್ದೇನೆ. ಆ ಗಂಟೆಗಳು ಎಲ್ಲಿ ತುಂಡಾಗುತ್ತವೆ, ತುಂಡಾಗುವ ಜಾಗದಲ್ಲಿ ಯಾರು ಕೂತಿರುತ್ತಾರೆ, ಅದು ನೋಡಬೇಕಾದ್ದು.

ದೂರ ಎಷ್ಟು?

ಮಕ್ಕಳ ಗ್ಲೋಬ್ ಇದ್ದರೆ ತೆಗೆಯಿರಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ದಾರ ಅರಬ್ಬಿ ಸಮುದ್ರದ ಕಡೆ ಹೋಗಲ್ಲ, ಜಪಾನಿನ ಕಡೆಗೂ ಹೋಗಲ್ಲ. ಉತ್ತರಕ್ಕೆ ಏರಿ ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ, ಆರ್ಕ್‌ಟಿಕ್ ಸಮುದ್ರದ ಅಂಚು ಸವರಿಕೊಂಡು ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಅದರ ಉದ್ದ ಸುಮಾರು 14,000 ಕಿಲೋಮೀಟರ್. ವಿಮಾನ ಈ ದಾರದ ಮೇಲೇ ಹಾರುವುದಿಲ್ಲ. ಟಿಬೆಟ್ ಮೇಲೆ ತುರ್ತಾಗಿ ಕೆಳಗಿಳಿಯಲು ಬೆಟ್ಟಗಳೇ ಬಿಡುವುದಿಲ್ಲ, ಕೆಲವು ದೇಶಗಳು ತಮ್ಮ ಆಕಾಶ ಬಿಟ್ಟುಕೊಡುವುದಿಲ್ಲ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತಲೂ ನೋಡಬೇಕು. ಹಾಗಾಗಿ ದಾರಿ ದಿನದಿನಕ್ಕೂ ಬದಲಾಗುತ್ತದೆ.

ಎರಡೂ ಊರು ಭೂಮಿಯ ಹೆಚ್ಚುಕಮ್ಮಿ ಎದುರುಬದುರು ಬದಿಯಲ್ಲಿವೆ. ಆದ್ದರಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ವ್ಯತ್ಯಾಸ ನಾವು ಅಂದುಕೊಂಡಷ್ಟು ಇಲ್ಲ. ದಿಲ್ಲಿ ಮೇಲೆ ಹೋದರೆ ಸುಮಾರು 14,100 ಕಿ.ಮೀ. ಟೋಕಿಯೊ ಮೇಲೆ 14,900, ಹಾಂಗ್‌ಕಾಂಗ್ ಮೇಲೆ 15,100, ದುಬೈ ಮೇಲೆ 15,700, ದೋಹಾ ಮೇಲೆ 16,000. ಫ್ರಾಂಕ್‌ಫರ್ಟ್ ಮತ್ತು ಲಂಡನ್ ಎರಡೂ 16,600ರ ಆಸುಪಾಸು. ಸಿಂಗಪುರ 16,800. ದುಬೈ ದಾರಿ ಸಹಜ, ಜಪಾನ್ ದಾರಿ ಸುತ್ತು ಅಂತ ಬಹಳ ಜನ ನಂಬಿದ್ದಾರೆ. ನಿಜ ಅದರ ತಿರುಗುಮುರುಗು!

ಟಿಕೆಟಿನಲ್ಲಿ ಸಮಯ ಓದುವುದಕ್ಕೂ ಒಂದು ಲೆಕ್ಕ ಬೇಕು. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಬದಲಾಗುತ್ತದೆ. ಜೂನ್‌ನಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5.30ಕ್ಕೆ ಇಳಿಯುತ್ತದೆ ಎಂದಿದ್ದರೆ, ಮೂರೂವರೆಗೆ ಹನ್ನೆರಡೂವರೆ ಸೇರಿಸಿ: 16 ಗಂಟೆ. ನಮ್ಮ ಅತ್ತೆ ಟಿಕೆಟ್ ನೋಡಿ "ಮೂರೂವರೆ ಗಂಟೆಗೆ ಅಮೆರಿಕಾನಾ? ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಎಂಟು ಗಂಟೆ ಬೇಕಲ್ಲೇ" ಅಂದಿದ್ದರು.

ಆ ಮಾತಿನಲ್ಲಿ ತಮಾಷೆಗಿಂತ ಹೆಚ್ಚಿನದು ಇದೆ. ಪ್ರಯಾಣ ಶುರುವಾಗುವುದು ದೇವನಹಳ್ಳಿಯಲ್ಲಲ್ಲ, ಮನೆ ಬಾಗಿಲಲ್ಲಿ. ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ರಾತ್ರಿ ಬಸ್ಸೋ ರೈಲೋ, ಆಮೇಲೆ ಮೂರು ಗಂಟೆ ಮೊದಲೇ ವಿಮಾನ ನಿಲ್ದಾಣ. ವಿಮಾನ ಹತ್ತುವ ಹೊತ್ತಿಗೇ ಅರ್ಧ ದಿನ ಕಳೆದಿರುತ್ತದೆ. ಮೈಸೂರಿನವರು ಪುಣ್ಯವಂತರು, ಫ್ಲೈಬಸ್ ನೇರ ನಿಲ್ದಾಣಕ್ಕೇ ಬಿಡುತ್ತದೆ.

ಏನು ನೋಡಿ ಆರಿಸಬೇಕು

ನಾನು ಮೊದಲು ಕೇಳುವುದು, ಹೋಗುವವರು ಯಾರು. ಎಪ್ಪತ್ತು ದಾಟಿದವರಾ, ಎರಡು ವರ್ಷದ ಮಗು ಇರುವವರಾ, ಸೂಟ್‌ಕೇಸ್ ಹಿಡಿದು ಒಬ್ಬನೇ ಹೊರಟ ವಿದ್ಯಾರ್ಥಿಯಾ? ಎರಡನೆಯದು, ಪ್ರಯಾಣ ಎಲ್ಲಿ ಮುರಿಯುತ್ತದೆ. 4 + 16 ಗಂಟೆಯ ದಾರಿ ಬೇರೆ, 10 + 11 ಗಂಟೆಯ ದಾರಿ ಬೇರೆ. ಒಟ್ಟು ಹೆಚ್ಚುಕಮ್ಮಿ ಒಂದೇ ಆದರೂ ಮೈಗೆ ಒಂದೇ ಅಲ್ಲ. ಮೂರನೆಯದು ಇಳಿದು ಹತ್ತುವ ಜಾಗದ ಕಷ್ಟ: ನಡಿಗೆ, ಟರ್ಮಿನಲ್ ಬದಲು, ವೀಸಾ, ಭಾಷೆ. ಆಮೇಲೆ ದುಡ್ಡು. ಕೊನೆಯದಾಗಿ, ಆ ದಾರಿ ಎಷ್ಟು ನಂಬಿಕಸ್ತ.

ದುಡ್ಡಿಗೆ ನನ್ನದೊಂದು ಸರಳ ಲೆಕ್ಕ ಇದೆ. ಎರಡು ಟಿಕೆಟಿನ ಬೆಲೆಯ ವ್ಯತ್ಯಾಸವನ್ನು ಉಳಿಯುವ ಗಂಟೆಗಳಿಂದ ಭಾಗಿಸಿ. 18,000 ರೂಪಾಯಿ ಜಾಸ್ತಿ ಕೊಟ್ಟರೆ 6 ಗಂಟೆ ಉಳಿಯುತ್ತದೆ ಅಂದುಕೊಳ್ಳಿ. ಗಂಟೆಗೆ 3,000. ನನಗೆ ಇಪ್ಪತ್ತೈದು ವಯಸ್ಸಿದ್ದಾಗ ಅದು ಹುಚ್ಚುತನ. ಅಮ್ಮನ ಮಂಡಿ ನೋವಿನ ಎದುರು ಅದು ಏನೂ ಅಲ್ಲ.

ನೇರ ಹಾರಾಟ

ಏರ್ ಇಂಡಿಯಾ ಈ ಮಾರ್ಗ ಶುರು ಮಾಡಿದ್ದು 2021ರ ಜನವರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದು ಬೆಂಗಳೂರಿನಲ್ಲಿ ಇಳಿಸಿದರು. ಬೋಯಿಂಗ್ 777-200ಎಲ್‌ಆರ್ ವಿಮಾನ, ಸುಮಾರು 17 ಗಂಟೆ. ಅವತ್ತು ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಹಬ್ಬ.

ಇದರ ಲಾಭ ಒಂದೇ, ಆದರೆ ದೊಡ್ಡದು: ಎಲ್ಲೂ ಇಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ಹತ್ತಿಸಿದರೆ ಇಲ್ಲಿ ಇಳಿಸಿಕೊಳ್ಳಬಹುದು. ಸುತ್ತಮುತ್ತ ಕನ್ನಡ, ಹಿಂದಿ, ತೆಲುಗು ಕಿವಿಗೆ ಬೀಳುತ್ತಿರುತ್ತದೆ. ಪಕ್ಕದವರನ್ನೇ ಕೇಳಿ ಫಾರಂ ತುಂಬಬಹುದು. ಇಂಗ್ಲಿಷ್ ಬಾರದ, ಮೊದಲ ಸಲ ಹೊರಟ ಹಿರಿಯರಿಗೆ ಇದಕ್ಕೆ ಸಾಟಿ ಇಲ್ಲ.

ಆದರೆ 16-17 ಗಂಟೆ ಒಂದೇ ಸೀಟು. ಕಾಲು ಊದುತ್ತದೆ, ಬೆನ್ನು ಹಿಡಿಯುತ್ತದೆ. ನಡುವೆ ನೆಲ ಸಿಗುವುದಿಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಇತ್ತೀಚೆಗೆ ಆಪರೇಶನ್ ಆದವರು ಡಾಕ್ಟರನ್ನು ಕೇಳದೆ ಹತ್ತಬಾರದು. ಎರಡನೆಯ ತೊಂದರೆ ಇನ್ನೂ ಮುಖ್ಯ. ಈ ಹಾರಾಟ ಎಲ್ಲ ದಿನ, ಎಲ್ಲ ಕಾಲದಲ್ಲಿ ಇರುತ್ತದೆಂದು ನಂಬಿ ಕೂರುವ ಹಾಗಿಲ್ಲ. ಇಷ್ಟು ದೂರ ಹಾರುವ ವಿಮಾನಗಳೇ ಕಡಿಮೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದ ಮೇಲೆ ದೂರದ ಹಾರಾಟಗಳ ಲೆಕ್ಕವೇ ಏರುಪೇರಾಯಿತು. ಅಮೆರಿಕದ ಯುನೈಟೆಡ್ ಕಂಪನಿ ಕೂಡ 2020ರಲ್ಲಿ ಇದೇ ಮಾರ್ಗ ಘೋಷಿಸಿತ್ತು, ಕೊನೆಗೂ ಹಾರಲಿಲ್ಲ. ಆದ್ದರಿಂದ ನಿಮ್ಮ ತಾರೀಖಿಗೆ ನೇರ ವಿಮಾನ ಇದೆಯಾ ಅಂತ ಮೊದಲು ನೋಡಿ, ಇದ್ದರೆ ಆಮೇಲೆ ಆಸೆಪಡಿ. "ಒಂದೇ ವಿಮಾನ" ಎಂದು ಬರೆದು ನಡುವೆ ಇಂಧನಕ್ಕೆ ಇಳಿಯುವುದೂ ಉಂಟು. "ನಾನ್‌ಸ್ಟಾಪ್" ಅಂತಲೇ ಬರೆದಿದೆಯಾ ನೋಡಿ.

ದಿಲ್ಲಿ ಅಥವಾ ಮುಂಬೈ ಮೇಲೆ

ದೂರದ ಲೆಕ್ಕದಲ್ಲಿ ದಿಲ್ಲಿ ದಾರಿ ಸುತ್ತೇ ಅಲ್ಲ, ಅದು ಹೆಚ್ಚುಕಮ್ಮಿ ನೇರ ದಾರಿಯಲ್ಲೇ ಇದೆ. ಇಲ್ಲಿಯೂ ಭಾಷೆಯ ಭಯ ಇಲ್ಲ. ಏನೇ ಎಡವಟ್ಟಾದರೂ ನಮ್ಮ ದೇಶದಲ್ಲೇ ಇದ್ದೀವಿ ಅನ್ನುವ ಧೈರ್ಯ ಇರುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಬೇಡ. ದಿಲ್ಲಿಯ ಮಂಜಿನಲ್ಲಿ ಬೆಂಗಳೂರಿನ ಬೆಳಗಿನ ವಿಮಾನ ತಡವಾಯಿತೋ, ದೊಡ್ಡ ವಿಮಾನ ಹೋಗಿಯೇಬಿಡುತ್ತದೆ. ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇರಲೇಬೇಕು.

ನಾನು ಒಮ್ಮೆ ನಾಲ್ಕು ಸಾವಿರ ಉಳಿಸಲು ಬೇರೆಬೇರೆ ಟಿಕೆಟ್ ಮಾಡಿದ್ದೆ. ಮೊದಲ ವಿಮಾನ ಎರಡು ಗಂಟೆ ತಡವಾಯಿತು. ಎರಡನೆಯ ಕಂಪನಿಯವರು "ನೀವು ಬರಲಿಲ್ಲ" ಅಂತ ಬರೆದುಕೊಂಡು ಕೈ ತೊಳೆದುಕೊಂಡರು. ಹೊಸ ಟಿಕೆಟಿಗೆ ಕೊಟ್ಟದ್ದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮೆಜಮಾನರು ಓದುತ್ತಾರೆ.

ಕೊಲ್ಲಿ ದಾರಿ: ದುಬೈ, ದೋಹಾ

ಇದು ಬಹಳ ಜನ ಹಿಡಿಯುವ ದಾರಿ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಇಲ್ಲಿಗೆ ಸುಮಾರು 16. ದೋಹಾದ್ದೂ ಅದೇ ಕಥೆ. ವಿಮಾನ ಜಾಸ್ತಿ, ಹೊತ್ತುಗಳು ಬೇಕಾದಷ್ಟು, ನಿಲ್ದಾಣದಲ್ಲಿ ಕೆಲಸ ಮಾಡುವವರಲ್ಲಿ ಮಲಯಾಳಿಗಳೂ ಮಂಗಳೂರಿನವರೂ ಸಿಗುತ್ತಾರೆ. ನಿಲ್ದಾಣದೊಳಗೇ ವಿಮಾನ ಬದಲಿಸಿದರೆ ವೀಸಾ ಬೇಡ. ದುಬೈಯಲ್ಲಿ ಎಮಿರೇಟ್ಸ್‌ನವರದ್ದೆಲ್ಲ ಮೂರನೇ ಟರ್ಮಿನಲ್. ಆದರೆ ಅದರೊಳಗೆ ಒಂದು ಕಾನ್‌ಕೋರ್ಸಿನಿಂದ (ಗೇಟುಗಳಿರುವ ಭಾಗ) ಇನ್ನೊಂದಕ್ಕೆ ರೈಲು ಹತ್ತಬೇಕಾಗಬಹುದು, ನಡಿಗೆಯೂ ಕಡಿಮೆ ಇಲ್ಲ.

ನನ್ನ ತಕರಾರು ಪ್ರಯಾಣ ಮುರಿಯುವ ಜಾಗದ್ದು. ನಾಲ್ಕು ಗಂಟೆಗೆ ಇಳಿದಾಗ ಇನ್ನೂ ಆಯಾಸವೇ ಆಗಿರುವುದಿಲ್ಲ. ನಿದ್ದೆ ಮಾತ್ರ ಕೆಟ್ಟಿರುತ್ತದೆ. ಆಮೇಲೆ ನೇರ ಹಾರಾಟದಷ್ಟೇ ಉದ್ದದ್ದು ಹಾಗೆಯೇ ಬಾಕಿ! ಅಂದರೆ ನೇರ ಹಾರಾಟದ ಕಷ್ಟವೂ ಇದೆ, ಇಳಿದು ಹತ್ತುವ ಕಷ್ಟವೂ ಇದೆ. ಬೆಲೆ ಚೆನ್ನಾಗಿ ಕಡಿಮೆ ಇದ್ದರೆ ಮಾತ್ರ ಇದಕ್ಕೆ ಅರ್ಥ. ಇನ್ನೊಂದು, ಆ ಪ್ರದೇಶದಲ್ಲಿ ಗಲಾಟೆಯಾದರೆ ಆಕಾಶ ಮುಚ್ಚುತ್ತಾರೆ. 2025ರ ಜೂನ್‌ನಲ್ಲಿ ಕತಾರ್ ಕೆಲವು ಗಂಟೆ ಮುಚ್ಚಿದ್ದಕ್ಕೇ ಎಷ್ಟೋ ಜನರ ಪ್ರಯಾಣ ಬುಡಮೇಲಾಯಿತು. ಹೊರಡುವ ವಾರ ಸುದ್ದಿ ನೋಡಿಕೊಳ್ಳಿ.

ಮಗಳು ಅಥವಾ ಮಗ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಶಿಕಾಗೊ, ನ್ಯೂಯಾರ್ಕ್ ಕಡೆ ಇದ್ದರೆ ಅಬುಧಾಬಿ ನೆನಪಿಡಿ. ಅಲ್ಲಿ ಅಮೆರಿಕದ ಇಮಿಗ್ರೇಶನ್ ಮೊದಲೇ ಮುಗಿಯುತ್ತದೆ, ಅಮೆರಿಕದಲ್ಲಿ ಇಳಿದು ಸೀದಾ ಹೊರಗೆ ಬರಬಹುದು.

ಯುರೋಪ್ ದಾರಿ: ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್

ದೂರದಲ್ಲಿ ಇದು ಸುತ್ತು. ಮೈಗೆ ಮಾತ್ರ ಇದು ನ್ಯಾಯವಾದ ದಾರಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಸುಮಾರು ಹತ್ತು ಗಂಟೆ, ಅಲ್ಲಿಂದ ಇಲ್ಲಿಗೆ ಹನ್ನೊಂದೂವರೆ. ಸರಿಯಾಗಿ ನಡುವೆ ಇಳಿದು, ಮುಖ ತೊಳೆದು, ಕಾಲು ಚಾಚಿ, ಬಿಸಿ ಕಾಫಿ ಕುಡಿದು ಮತ್ತೆ ಹತ್ತಬಹುದು. ಬೆನ್ನು ನೋವಿನವರಿಗೆ, ಆದರೆ ಒಬ್ಬರೇ ಓಡಾಡಬಲ್ಲವರಿಗೆ ನಾನು ಇದನ್ನೇ ಹೇಳುತ್ತೇನೆ.

ತೊಡಕು ವೀಸಾದ್ದು. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ನಡುವೆ ವಿಮಾನ ಬದಲಿಸಲು ಕೇಳುವ ಟ್ರಾನ್ಸಿಟ್ ವೀಸಾದ ತಲೆನೋವು ಸಾಮಾನ್ಯವಾಗಿ ಬರುವುದಿಲ್ಲ. ಅಪ್ಪ ಅಮ್ಮನಿಗೆ ಹೇಗೂ ಹತ್ತು ವರ್ಷದ ಬಿ-2 ಪ್ರವಾಸಿ ವೀಸಾ ಇರುತ್ತದೆ. ಸಿಕ್ಕಿಹಾಕಿಕೊಳ್ಳುವವರು ನಮ್ಮಂಥವರು. ಎಚ್‌-1ಬಿ ಉದ್ಯೋಗ ವೀಸಾದ ಸ್ಟ್ಯಾಂಪ್ ಮುಗಿದಿದೆ, ಊರಿಗೆ ಹೋಗಿ ಹೊಸದು ಹಾಕಿಸಿಕೊಂಡು ಬರೋಣ ಅಂತ ಹೊರಟವರು ಯುರೋಪ್ ದಾರಿ ಹಿಡಿಯುವ ಮುನ್ನ ಆ ದೇಶದ ನಿಯಮವನ್ನು ಅವತ್ತಿನ ದಿನಕ್ಕೆ ಓದಲೇಬೇಕು. ಇಲ್ಲದಿದ್ದರೆ ಚೆಕ್‌ಇನ್ ಕೌಂಟರಿನಲ್ಲೇ ವಾಪಸ್. ಅವರಿಗೆ ಕೊಲ್ಲಿ ಅಥವಾ ಸಿಂಗಪುರವೇ ನಿಶ್ಚಿಂತೆ.

ಪೂರ್ವದ ದಾರಿ: ಟೋಕಿಯೊ, ಹಾಂಗ್‌ಕಾಂಗ್, ಸಿಂಗಪುರ

ನನಗೆ ಇಷ್ಟವಾದ ದಾರಿ ಇದು. ಜಪಾನ್ ಏರ್‌ಲೈನ್ಸ್ ಬೆಂಗಳೂರಿನಿಂದ ಟೋಕಿಯೊದ ನರಿಟಾಕ್ಕೆ ಹಾರುತ್ತದೆ, ಸುಮಾರು ಎಂಟು ಗಂಟೆ. ಅಲ್ಲಿಂದ ಇಲ್ಲಿಗೆ ಒಂಬತ್ತೂವರೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಪೆಸಿಫಿಕ್ ಮೇಲೆ ಬೆನ್ನಿಗೆ ಬಿದ್ದು ತಳ್ಳುತ್ತದೆ. ಆಕಾಶದಲ್ಲಿ ಕಳೆಯುವ ಒಟ್ಟು ಹೊತ್ತು ನೇರ ಹಾರಾಟಕ್ಕಿಂತ ಒಂದೂವರೆ ಗಂಟೆಯಷ್ಟೇ ಜಾಸ್ತಿ, ಅದೂ ಸಮನಾಗಿ ಎರಡು ತುಂಡಾಗಿ. ಹಾಂಗ್‌ಕಾಂಗ್ ಮೇಲೆ ಆರು ಮತ್ತು ಹನ್ನೆರಡೂವರೆ. ಸಿಂಗಪುರ ಮೇಲೆ ನಾಲ್ಕೂವರೆ ಮತ್ತು ಹದಿನೈದು, ಅಂದರೆ ಮತ್ತೆ ದುಬೈ ಕಥೆಯೇ. ಆದರೆ ಚಾಂಗಿ ನಿಲ್ದಾಣ ಸುಖ, ಕಾರ್ಪೆಟ್ ಮೇಲೆ ನಡಿಗೆ, ಕೂರಲು ಜಾಗ.

ಟೋಕಿಯೊದಲ್ಲಿ ಒಂದು ಬಲೆ ಇದೆ. ಅಲ್ಲಿ ಎರಡು ವಿಮಾನ ನಿಲ್ದಾಣ: ನರಿಟಾ, ಹನೇಡಾ. ಎರಡರ ನಡುವೆ ಬಸ್ಸಿನಲ್ಲಿ ಒಂದು ಗಂಟೆಗೂ ಜಾಸ್ತಿ. ನರಿಟಾದಲ್ಲಿ ಇಳಿದು ಹನೇಡಾದಿಂದ ಹತ್ತುವ ಟಿಕೆಟ್ ಅಗ್ಗವಾಗಿ ಕಾಣಿಸಿದರೆ ಮುಟ್ಟಬೇಡಿ. ಅದಕ್ಕೆ ಜಪಾನಿನೊಳಗೆ ಕಾಲಿಡಬೇಕು, ಅಂದರೆ ಜಪಾನ್ ವೀಸಾ ಬೇಕು. ಮತ್ತೆ ಈ ದಾರಿಯಲ್ಲಿ ವಿಮಾನಗಳು ಕೊಲ್ಲಿಯಷ್ಟು ಇಲ್ಲ. ಒಂದು ತಪ್ಪಿದರೆ ಮುಂದಿನದ್ದಕ್ಕೆ ಕಾಯುವ ಹೊತ್ತು ದೊಡ್ಡದು.

ಊರಿಗೆ ವಾಪಸ್ ಹೋಗುವಾಗ ಇದೇ ಗಾಳಿ ಎದುರಾಗುತ್ತದೆ. ಹಾಂಗ್‌ಕಾಂಗಿಗೆ ಹದಿನಾಲ್ಕೂವರೆ, ಸಿಂಗಪುರಕ್ಕೆ ಹದಿನಾರೂವರೆ ಗಂಟೆ ದಾಟುತ್ತದೆ. ಹಾಗಾಗಿ ಬರುವ ಹೊತ್ತನ್ನೇ ನೋಡಿ ಸಂತೋಷಪಡಬೇಡಿ, ಹೋಗುವುದನ್ನೂ ನೋಡಿ.

ಎಲ್ಲಿ ಇಳಿದರೂ ಕಾಡುವ ಸಂಗತಿಗಳು

ಎರಡು ವಿಮಾನದ ನಡುವೆ ಎಷ್ಟು ಹೊತ್ತಿರಬೇಕು? ಒಂಟಿ ಯುವಕನಿಗೆ ಎರಡು ಗಂಟೆ ಸಾಕು. ಹಿರಿಯರಿಗೆ ಮೂರರಿಂದ ನಾಲ್ಕು. ನಮ್ಮಮ್ಮನಿಗೆ ಎರಡು ಗಂಟೆ ಐದು ನಿಮಿಷದ ಟಿಕೆಟ್ ಮಾಡಿದ್ದೆ. ಗಾಲಿಕುರ್ಚಿ ಕೇಳಿದ್ದೆ, ಬಂತು. ತಳ್ಳುವವನು ಅವರನ್ನು ಒಂದು ಕಂಬದ ಪಕ್ಕ ನಿಲ್ಲಿಸಿ, ಕೈಸನ್ನೆಯಲ್ಲಿ "ಇಲ್ಲೇ ಇರಿ" ಅಂದು ಹೋದ. ಐವತ್ತು ನಿಮಿಷ ಬರಲೇ ಇಲ್ಲ. ಎದುರಿನ ಪರದೆಯಲ್ಲಿ ಊರ ಹೆಸರುಗಳು ಬದಲಾಗುತ್ತಿದ್ದವಂತೆ, ಓದಲು ಕನ್ನಡಕ ಕೈಚೀಲದ ತಳದಲ್ಲಿತ್ತಂತೆ. ಕೊನೆಗೆ ಒಬ್ಬ ಹೆಂಗಸು ಬೋರ್ಡಿಂಗ್ ಪಾಸ್ ನೋಡಿ, ಓಡಿಸಿಕೊಂಡು ಹೋಗಿ ಗೇಟ್ ಮುಟ್ಟಿಸಿದಳು. "ನನ್ನನ್ನ ಮೂಟೆ ತರ ಇಟ್ಟು ಹೋದ ಮಾರಾಯ್ತಿ" ಅಂತ ಅಮ್ಮ ಈಗಲೂ ಅನ್ನುತ್ತಾರೆ. ಆಮೇಲಿಂದ ಅವರ ಕುತ್ತಿಗೆಯಲ್ಲಿ ಒಂದು ಕಾರ್ಡ್ ನೇತಾಡುತ್ತದೆ: ವಿಮಾನದ ಸಂಖ್ಯೆ, ಹೊರಡುವ ಸಮಯ, ನನ್ನ ನಂಬರ್, "ದಯವಿಟ್ಟು ಈ ಗೇಟಿಗೆ ಕರೆದುಕೊಂಡು ಹೋಗಿ" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು.

ಊಟದ್ದೂ ಒಂದು ಮಾತಿದೆ. ಟಿಕೆಟ್ ಮಾಡುವಾಗ "ಹಿಂದೂ ಮೀಲ್" ಅಂತ ಕಾಣಿಸುತ್ತದೆ. ಸಸ್ಯಾಹಾರ ಅಂದುಕೊಂಡು ಒತ್ತಬೇಡಿ! ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ ಕುರಿ ಬರಬಹುದು. ನಮ್ಮ ಮಾವನ ತಟ್ಟೆಗೆ ಬಂದದ್ದು ಹಾಗೇ. ಪಾಪ, ಬ್ರೆಡ್ಡು ಬೆಣ್ಣೆಯಲ್ಲೇ ಅಮೆರಿಕ ಮುಟ್ಟಿದರು. ಬೇಕಾದ್ದು "ಏಷ್ಯನ್ ವೆಜಿಟೇರಿಯನ್", ಕೋಡ್ ಎವಿಎಂಎಲ್. ಈರುಳ್ಳಿ ಬೆಳ್ಳುಳ್ಳಿ ಬೇಡವಾದರೆ ಜೈನ್ ಊಟ, ವಿಜೆಎಂಎಲ್. ಹೊರಡಲು ಎರಡು ದಿನ ಇರುವಾಗಲೇ ಹೇಳಿಡಿ.

ಚಟ್ನಿಪುಡಿ, ಸಾರಿನಪುಡಿ ಡಬ್ಬಿಗಳನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿ.ಲೀ.ಗಿಂತ ಜಾಸ್ತಿ ಪುಡಿ ಇದ್ದರೆ ತಪಾಸಣೆಯಲ್ಲಿ ತೆಗೆಸಬಹುದು. ತುಪ್ಪ, ಉಪ್ಪಿನಕಾಯಿ ದ್ರವದ ಲೆಕ್ಕ, 100 ಮಿ.ಲೀ. ದಾಟಿದರೆ ಕಸದ ಬುಟ್ಟಿಗೆ. ಎಲ್ಲವನ್ನೂ ದೊಡ್ಡ ಸೂಟ್‌ಕೇಸಿಗೆ ಹಾಕಿ. ಕರಿಬೇವು ಮಾತ್ರ ಎಲ್ಲೂ ಬೇಡ. ನಿಂಬೆ ಜಾತಿಯ ಗಿಡಗಳಿಗೆ ರೋಗ ತರುತ್ತದೆ ಅಂತ ಇಲ್ಲಿ ಒಳಗೆ ಬಿಡುವುದಿಲ್ಲ.

ಮತ್ತೆ, ಅಮೆರಿಕದೊಳಗೆ ವಿಮಾನ ಬದಲಿಸುವ ಟಿಕೆಟ್. ನ್ಯೂವಾರ್ಕ್ ಅಥವಾ ಶಿಕಾಗೊದಲ್ಲಿ ಇಳಿದರೆ ಇಮಿಗ್ರೇಶನ್ ಅಲ್ಲೇ. ಸೂಟ್‌ಕೇಸ್ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಟ್ಟು, ಮತ್ತೆ ತಪಾಸಣೆ. 23 ಕಿಲೋದ ಎರಡೆರಡು ಪೆಟ್ಟಿಗೆ ಇಟ್ಟುಕೊಂಡ ಅಪ್ಪನಿಗೆ ಅದು ಬೇಡ. ಮೊದಲು ಇಳಿಯುವ ಅಮೆರಿಕದ ನಿಲ್ದಾಣ ಸ್ಯಾನ್ ಫ್ರಾನ್ಸಿಸ್ಕೊವೇ ಆಗಿರಲಿ.

ಹಾಗಾದರೆ ಯಾರಿಗೆ ಯಾವುದು?

ಮೊದಲ ಸಲ ಬರುವ, ಇಂಗ್ಲಿಷ್ ಬಾರದ ಅಪ್ಪ ಅಮ್ಮ: ನೇರ ವಿಮಾನ ಇದ್ದ ತಾರೀಖಿಗೆ ಪ್ರಯಾಣವನ್ನೇ ಹೊಂದಿಸಿ. ಇಲ್ಲದಿದ್ದರೆ ಚಳಿಗಾಲ ಬಿಟ್ಟು ದಿಲ್ಲಿ, ಚಳಿಗಾಲದಲ್ಲಿ ಮುಂಬೈಯಿಂದ ವಿಮಾನ ಇದ್ದರೆ ಮುಂಬೈ. ಅದೂ ಆಗದಿದ್ದರೆ ನಾಲ್ಕು ಗಂಟೆಯ ಬಿಡುವಿರುವ ದುಬೈ. ಪರಿಚಯದವರು ಅದೇ ವಿಮಾನದಲ್ಲಿ ಹೊರಟಿದ್ದಾರಾ ಅಂತ ಕೇಳಿ ನೋಡಿ, ಬೇಸಿಗೆಯಲ್ಲಿ ಬೇ ಏರಿಯಾಕ್ಕೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿಗೆ, ಬರುವ ಕನ್ನಡದವರು ಒಬ್ಬರಾದರೂ ಸಿಗುತ್ತಾರೆ.

ಚಿಕ್ಕ ಮಗು ಇರುವವರಿಗೆ ಟೋಕಿಯೊ ಅಥವಾ ಫ್ರಾಂಕ್‌ಫರ್ಟ್. ಮಗು ಹದಿನಾರು ಗಂಟೆ ಒಂದೇ ಕಡೆ ಕೂರುವುದಿಲ್ಲ, ಸುಮ್ನೆ ಆಸೆ ಬೇಡ. ಹತ್ತು ಗಂಟೆಯ ಹೊತ್ತಿಗೆ ಓಡಾಡಲು ನೆಲ ಸಿಕ್ಕರೆ ಮುಂದಿನ ಹಾರಾಟದಲ್ಲಿ ಮಲಗುತ್ತದೆ. ವಿದ್ಯಾರ್ಥಿಗಳಿಗೆ ಯಾವುದು ಅಗ್ಗವೋ ಅದು, ಒಂದೇ ಪಿಎನ್‌ಆರ್ ಮತ್ತು ಎರಡು ಪೆಟ್ಟಿಗೆ ಇದ್ದರೆ ಸಾಕು. ಅಗ್ಗದ ದರದಲ್ಲಿ ಒಂದೇ ಪೆಟ್ಟಿಗೆ ಕೊಡುವವರಿದ್ದಾರೆ, ಆಗ ಎರಡನೆಯದಕ್ಕೆ ಕಟ್ಟುವ ದುಡ್ಡು ಸೇರಿಸಿ ಹೋಲಿಸಿ. ನಾಲ್ಕು ದಿನದ ಆಫೀಸ್ ಕೆಲಸಕ್ಕೆ ಬರುವವರಿಗೆ ನೇರ ಹಾರಾಟ, ಇಲ್ಲದಿದ್ದರೆ ಹಾಂಗ್‌ಕಾಂಗ್.

31 ಗಂಟೆಯ ಆ ಟಿಕೆಟ್? ಹನ್ನೊಂದು ಗಂಟೆ ನಿಲ್ದಾಣದ ಕುರ್ಚಿಯಲ್ಲಿ ಕಳೆಯುವ ಲೆಕ್ಕ ಅದು. ನನಗೆ ಸ್ಕ್ರೀನ್‌ಶಾಟ್ ಕಳಿಸಿದವರು ಕೊನೆಗೆ ಅದನ್ನೇ ಮಾಡಿದರು, ಆದರೆ ಅಪ್ಪ ಅಮ್ಮನಿಗಲ್ಲ, ತಮಗೆ. ಅಪ್ಪ ಅಮ್ಮನಿಗೆ ನೇರ ವಿಮಾನ ಹಾಕಿ, ತಾವು ಊರಿಗೆ ಹೋಗುವಾಗ ಆ ಅಗ್ಗದ್ದನ್ನು ಹಿಡಿದರು.